ಒಂದನೇ ಇಯತ್ತೆಯ ವಿದ್ವತ್ತು



ಪುಣೆಯಲ್ಲಿ ನಿಂತು ಪ್ರಾಥಮಿಕ ಶಾಲೆಯ ಮಾತೆತ್ತಿದರೆ ಬುಧವಾರ ಪೇಠೆಯ ಭಿಡೆ ವಾಡಾ ನೆನಪಾಗದೆ ಇರದು. 1848ರಲ್ಲಿ ಜ್ಯೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದದ್ದು ಅಲ್ಲಿ. ವರ್ಷಗಟ್ಟಲೆ ನಡೆದ ಕೋರ್ಟು ವ್ಯಾಜ್ಯ ಮುಗಿದು, 2023ರ ಡಿಸೆಂಬರಿನಲ್ಲಿ ಆ ಶಿಥಿಲ ಕಟ್ಟಡವನ್ನು ಕೆಡವಿ ಸ್ಮಾರಕಕ್ಕೆ ಜಾಗ ತೆರವು ಮಾಡಿದರು. ಸಾವಿತ್ರಿಬಾಯಿ ಶಾಲೆಗೆ ನಡೆದು ಹೋಗುವಾಗ ಜನ ಕೆಸರು, ಸೆಗಣಿ ಎರಚಿದ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ಹೇಳಲೇಬೇಕಾದ ಕಥೆ ಅದು. ಆದರೆ ಆ ಕಥೆ ಶಾಲೆಯ ಬಾಗಿಲಿಗೆ ಬಂದು ನಿಂತುಬಿಡುತ್ತದೆ. ಒಳಗೆ ಹೋದ ಮೇಲೆ ಆ ತಾಯಿ ಏನು ಮಾಡುತ್ತಿದ್ದರು, ಮನೆಯಲ್ಲಿ ಯಾರೂ ಅಕ್ಷರ ಕಂಡಿರದ ಹುಡುಗಿಗೆ ಮೊದಲ ಅಕ್ಷರವನ್ನು ಯಾವ ಬಗೆಯಲ್ಲಿ ಕಲಿಸಿದರು, ಅವಳು ತಪ್ಪು ಬರೆದಾಗ ಏನು ಹೇಳಿದರು ಎಂದು ನಾವು ಕೇಳುವುದಿಲ್ಲ. ಅವರು ಶಿಕ್ಷಕಿಯ ತರಬೇತಿ ಪಡೆದವರು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತೇವೆ. ಅವರ ಧೈರ್ಯಕ್ಕೆ ಕೈಮುಗಿಯುವ ನಾವು ಅವರ ಕಸುಬಿನ ಬಗ್ಗೆ ಕುತೂಹಲ ತೋರಿಸಿಲ್ಲ. ಸಣ್ಣ ಮಕ್ಕಳ ಶಿಕ್ಷಕರ ಬಗ್ಗೆ ನಮ್ಮ ಸಮಾಜದ ನಡವಳಿಕೆಯೇ ಹೀಗಿದೆ. ಗೌರವಕ್ಕೆ ಕೊರತೆಯಿಲ್ಲ, ಸೆಪ್ಟೆಂಬರ್ 5ರಂದು ಹಾರವೂ ಬೀಳುತ್ತದೆ, ಆ ಕೆಲಸದೊಳಗೆ ಏನಿದೆ ಎಂದು ಮಾತ್ರ ನೋಡುವುದಿಲ್ಲ.

ಈ ಉಪನ್ಯಾಸದಲ್ಲಿ ನಾನು ಮಂಡಿಸಬೇಕೆಂದಿರುವ ವಿಚಾರ ಒಂದೇ. ಒಂದನೇ, ಎರಡನೇ ಇಯತ್ತೆಗೆ ಪಾಠ ಹೇಳುವುದಕ್ಕೆ ಪ್ರೀತಿ, ತಾಳ್ಮೆ, ಗಟ್ಟಿ ಗಂಟಲು ಇದ್ದರೆ ಸಾಕು, ಹೆಚ್ಚಿನ ವಿದ್ಯೆ ಬೇಕಾಗಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದು ತಪ್ಪು. ಆ ತರಗತಿಯ ದಿನನಿತ್ಯದ ಕೆಲಸದಲ್ಲಿ ಒಂದು ವಿಶಿಷ್ಟವಾದ ವಿದ್ವತ್ತು ಇದೆ. ಅದು ವಿಶ್ವವಿದ್ಯಾಲಯದಲ್ಲಿ ಪೂರ್ತಿಯಾಗಿ ಸಿಗುವಂಥದ್ದಲ್ಲ, ಮಕ್ಕಳ ಪಾಟಿಯ ಮೇಲಿನ ತಪ್ಪುಗಳನ್ನು ವರ್ಷಾನುಗಟ್ಟಲೆ ಓದಿದವರಿಗೆ ದಕ್ಕುವಂಥದ್ದು. ಆ ವಿದ್ವತ್ತನ್ನು ವಿದ್ವತ್ತೆಂದು ಒಪ್ಪದೆ ಹೋದದ್ದರಿಂದ ನಾವು ಶಿಕ್ಷಕರ ಸಂಬಳ, ಶಿಕ್ಷಕರ ಸಮಯ, ಶಿಕ್ಷಕರ ಮಾತಿಗಿರುವ ಬೆಲೆ ಮೂರನ್ನೂ ತಪ್ಪಾಗಿ ನಿಗದಿ ಮಾಡಿದ್ದೇವೆ.

ಮೊದಲು ನಮ್ಮ ಕನ್ನಡದಿಂದಲೇ ಒಂದು ನಿದರ್ಶನ ನೋಡೋಣ. ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದ ಮಗು ‘ಅಕ್ಕ’, ‘ಪುಸ್ತಕ’ ಎಂಬ ಪದಗಳನ್ನು ಬರೆಯುತ್ತದೆ. ಮೊದಲು ಕೇಳಿದ ವ್ಯಂಜನವನ್ನು ಪೂರ್ತಿ ಬರೆಯಬೇಕು, ಆಮೇಲೆ ಕೇಳಿದ್ದನ್ನು ಅದರ ಕೆಳಗೆ ಒತ್ತಾಗಿ ಇಡಬೇಕು. ಈ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ, ಹತ್ತಾರು ಪದ ಬರೆದು ಮಗು ತಾನೇ ಕಂಡುಕೊಂಡಿರುತ್ತದೆ. ಹೀಗಿರುವಾಗ ‘ವರ್ಷ’ ಎಂಬ ಪದ ಬರುತ್ತದೆ. ಕಿವಿಗೆ ಮೊದಲು ಬೀಳುವುದು ರಕಾರ, ಆಮೇಲೆ ಷಕಾರ. ಕಂಡುಕೊಂಡ ನಿಯಮದ ಪ್ರಕಾರ ಮಗು ‘ರ’ ಬರೆದು ಅದರ ಕೆಳಗೆ ಷ-ಒತ್ತು ಕೊಡುತ್ತದೆ. ನಮ್ಮ ಬರವಣಿಗೆಯ ರೂಢಿಯಲ್ಲಿ ಷಕಾರವನ್ನೇ ಮೊದಲು ಬರೆದು, ರಕಾರವನ್ನು ಅರ್ಕಾವತ್ತಾಗಿ ಅದರ ಮುಂದೆ ಇಡುತ್ತೇವೆ. ಕಿವಿಯ ಕ್ರಮ ಒಂದು, ಕೈಯ ಕ್ರಮ ಇನ್ನೊಂದು. ದೊಡ್ಡವರ ಕಣ್ಣಿಗೆ ಮಗು ಬರೆದದ್ದು ತಪ್ಪು, ಕೆಂಪು ಗೀಟು ಎಳೆದರೆ ಮುಗಿಯಿತು. ಆದರೆ ಈ ತಪ್ಪು ಮಾಡಿದ ಮಗುವಿಗೆ ಒತ್ತಕ್ಷರದ ನಿಯಮ ಚೆನ್ನಾಗಿ ತಿಳಿದಿದೆ. ‘ವಷ’ ಎಂದು ಬರೆದ ಪಕ್ಕದ ಮಗುವಿಗೆ ಅದು ಇನ್ನೂ ತಿಳಿದಿಲ್ಲ. ಎರಡಕ್ಕೂ ಒಂದೇ ಕೆಂಪು ಗೀಟು ಬಿದ್ದರೆ ಮೊದಲ ಮಗು ತನ್ನ ಸರಿಯಾದ ನಿಯಮವನ್ನೇ ಅನುಮಾನಿಸತೊಡಗುತ್ತದೆ. ಎರಡು ತಪ್ಪುಗಳ ನಡುವಿನ ಈ ಅಂತರವನ್ನು ನಲವತ್ತು ಪಾಟಿಗಳ ನಡುವೆ ಅರೆಕ್ಷಣದಲ್ಲಿ ಗುರುತಿಸಿ, ಒಬ್ಬನಿಗೆ ‘ಇದೊಂದು ಕಡೆ ಮಾತ್ರ ಕ್ರಮ ತಿರುಗುತ್ತದಪ್ಪಾ’ ಎಂದು ಹೇಳಿ, ಇನ್ನೊಬ್ಬನನ್ನು ಮತ್ತೆ ‘ಅಕ್ಕ’ನ ಬಳಿಗೆ ಕರೆದೊಯ್ಯುವುದು ಒಳ್ಳೆಯ ಶಿಕ್ಷಕಿ ದಿನವೂ ಮಾಡುವ ಕೆಲಸ. ಯಾವ ದಾಖಲೆಯಲ್ಲೂ ಅದು ನಮೂದಾಗುವುದಿಲ್ಲ.

ಲೆಕ್ಕದಲ್ಲೂ ಇದೇ ಮಾತು. 42ರಲ್ಲಿ 17 ಕಳೆ ಎಂದಾಗ 35 ಎಂದು ಬರೆಯುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಈ 35 ಎಲ್ಲಿಂದ ಬಂತು? ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ, ಆದ್ದರಿಂದ ಮಗು 7ರಲ್ಲಿ 2 ಕಳೆದಿದೆ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ಮೊದಲ ಇಯತ್ತೆಯಲ್ಲಿ ಕಲಿಸಿದ ಮಾತನ್ನೇ ಅದು ಪಾಲಿಸಿದೆ. ‘ದಶಕ ಕಡ ತಗೋ’ ಎಂದು ಹತ್ತು ಸಲ ಕೂಗಿ ಹೇಳಿದರೂ ಈ ತಪ್ಪು ಹೋಗದು, ಯಾಕೆಂದರೆ ಕಡ ತರುವ ಅಗತ್ಯವೇ ಮಗುವಿಗೆ ಕಂಡಿಲ್ಲ. ಹತ್ತು ಕಡ್ಡಿಗಳ ನಾಲ್ಕು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು ‘ಹದಿನೇಳು ಕೊಡು’ ಎಂದರೆ, ಅದು ಒಂದು ಕಟ್ಟು ತೆಗೆದುಕೊಟ್ಟು, ಏಳು ಬಿಡಿ ಕಡ್ಡಿ ಸಾಲದೆ ಇನ್ನೊಂದು ಕಟ್ಟಿನ ದಾರ ಬಿಚ್ಚುತ್ತದೆ. ಆ ದಾರ ಬಿಚ್ಚಿದಾಗ ಅದಕ್ಕೆ ಗಣಿತ ಅರ್ಥವಾಗುತ್ತದೆ. 1986ರಲ್ಲಿ ಅಮೆರಿಕದ ಲೀ ಶುಲ್ಮನ್ ಎಂಬ ಶಿಕ್ಷಣತಜ್ಞರು ಇಂಥ ತಿಳಿವಳಿಕೆಗೆ ಒಂದು ಹೆಸರು ಕೊಟ್ಟು ಪ್ರತ್ಯೇಕ ಸ್ಥಾನ ಕಲ್ಪಿಸಿದರು. ವಿಷಯಜ್ಞಾನ ಬೇರೆ, ಬೋಧನೆಯ ಸಾಮಾನ್ಯ ಕೌಶಲ ಬೇರೆ, ಒಂದು ನಿರ್ದಿಷ್ಟ ವಿಷಯ ಕಲಿಯುವವರಿಗೆ ಎಲ್ಲಿ ತೊಡಕಾಗುತ್ತದೆ, ಯಾಕೆ ತೊಡಕಾಗುತ್ತದೆ ಎಂಬ ಜ್ಞಾನ ಮೂರನೆಯದು ಎಂದರು. ಗಣಿತದಲ್ಲಿ ಎಂ.ಎಸ್‌ಸಿ. ಮಾಡಿದವರಿಗೆ 35ರ ಹಿಂದಿನ ತರ್ಕ ತಾನಾಗಿ ಹೊಳೆಯುವುದಿಲ್ಲ. ಏಳನೇ ವಯಸ್ಸಿನಲ್ಲಿ ತಾವು ಹೇಗೆ ಯೋಚಿಸುತ್ತಿದ್ದೆವು ಎಂಬುದನ್ನು ಅವರೂ ನಮ್ಮ ಹಾಗೆ ಮರೆತಿರುತ್ತಾರೆ.

ಈ ಜ್ಞಾನಕ್ಕೆ ಸಾರ್ವಜನಿಕ ಬದುಕಿನಲ್ಲಿ ಎಷ್ಟು ಬೆಲೆಯಿದೆ ಎಂದು ತಿಳಿಯಲು ಪುಣೆಯಲ್ಲೇ ಹುಟ್ಟಿದ ಒಂದು ವಿವಾದವನ್ನು ನೋಡಬೇಕು. ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ಬಾಲಭಾರತಿ 1967ರಲ್ಲಿ ಸ್ಥಾಪನೆಯಾದ ಸಂಸ್ಥೆ. ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳ ಮಕ್ಕಳು ಓದುವ ಪುಸ್ತಕಗಳೂ ಅದರದೇ. 2019ರಲ್ಲಿ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ಮರಾಠಿ ಸಂಖ್ಯೆಗಳನ್ನು ಹೇಳುವ ಹೊಸ ರೀತಿಯೊಂದನ್ನು ಅದು ಕೊಟ್ಟಿತು. 21ಕ್ಕೆ ರೂಢಿಯ ‘ಏಕವೀಸ್’ ಜೊತೆಗೆ ‘ವೀಸ್ ಏಕ್’ ಎಂದೂ ಹೇಳಬಹುದು ಎಂದಿತು. ರಾಜ್ಯದಲ್ಲಿ ಗದ್ದಲವೆದ್ದಿತು, ವಿಧಾನಸಭೆಯಲ್ಲೂ ಗೇಲಿಯ ಮಾತುಗಳು ಬಂದವು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಪುಣೆಯ ಗಣಿತಜ್ಞೆ ಮಂಗಲಾ ನಾರಳೀಕರ ಅವರು ಕಾರಣ ವಿವರಿಸಿದರು. ಮರಾಠಿಯಲ್ಲಿ ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಆಮೇಲೆ ಹೇಳುತ್ತಾರೆ, ಬರೆಯುವಾಗ ಹತ್ತು ಮೊದಲು, ಬಿಡಿ ಆಮೇಲೆ. ‘ಸತ್ತಾವೀಸ್’ ಎಂದು ಕೇಳಿದ ಮಗು ಕೇಳಿದ ಕ್ರಮದಲ್ಲೇ ಬರೆದರೆ 27ರ ಬದಲು 72 ಆಗುತ್ತದೆ. ಅದರ ಮೇಲೆ 29ಕ್ಕೆ ‘ಏಕೋಣತೀಸ್’ ಎನ್ನುವಾಗ ಮೂವತ್ತಕ್ಕೆ ಒಂದು ಕಡಿಮೆ ಎಂಬ ಕಳೆಯುವ ಲೆಕ್ಕವೂ ಸೇರಿಕೊಳ್ಳುತ್ತದೆ. ಜರ್ಮನ್ ಭಾಷೆಯಲ್ಲಿಯೂ ಬಿಡಿಯೇ ಮೊದಲು, ಅಲ್ಲಿಯ ಮಕ್ಕಳು ಅಂಕಿ ತಿರುಗಿಸಿ ಬರೆಯುವುದನ್ನು ಸಂಶೋಧಕರು ಅಧ್ಯಯನ ಮಾಡಿದ್ದಾರೆ.

ಕನ್ನಡಿಗರಿಗೆ ಈ ತೊಡಕಿಲ್ಲ. ಇಪ್ಪತ್ತೊಂದು, ಎಪ್ಪತ್ತೆರಡು ಎನ್ನುವಾಗ ಬಾಯಿಯ ಕ್ರಮವೂ ಕೈಯ ಕ್ರಮವೂ ಒಂದೇ. ಆದರೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದವರ ಮಕ್ಕಳು ಮರಾಠಿ ಶಾಲೆಯಲ್ಲಿ ಕೂರುತ್ತಾರೆ. ಮನೆಯಲ್ಲಿ ಹತ್ತನ್ನು ಮೊದಲು ಕೇಳಿದ ಮಗು ಶಾಲೆಯಲ್ಲಿ ಬಿಡಿಯನ್ನು ಮೊದಲು ಕೇಳುತ್ತದೆ. ಈ ಮಗು 27ಕ್ಕೆ 72 ಬರೆದರೆ ‘ಲೆಕ್ಕ ಬಾರದ ಹುಡುಗ’ ಎಂಬ ಹಣೆಪಟ್ಟಿ ಬೀಳುವುದು ಸುಲಭ. ಮಗುವಿನ ಮನೆಮಾತು ಯಾವುದು, ಅದರಲ್ಲಿ ಎಣಿಕೆ ಹೇಗೆ ಎಂದು ಬಲ್ಲ ಶಿಕ್ಷಕಿ ‘ನಿಮ್ಮ ಮನೆಯಲ್ಲಿ ಏನನ್ನುತ್ತೀರಿ, ಹೇಳು’ ಎಂದು ಕೇಳಿ, ಅದೇ ಕನ್ನಡದ ಎಣಿಕೆಯ ಮೇಲೆ ನಿಲ್ಲಿಸಿ ಮರಾಠಿ ಎಣಿಕೆ ಕಲಿಸುತ್ತಾಳೆ. ಹಾಗೆ ಮಾಡಿದರೆ ಇಡೀ ತರಗತಿಯ ಮರಾಠಿ ಮಕ್ಕಳಿಗೂ ಹತ್ತು–ಬಿಡಿಯ ರಚನೆ ಕಣ್ಣಿಗೆ ಕಟ್ಟುತ್ತದೆ. 2019ರ ಚರ್ಚೆ ಬಹುಮಟ್ಟಿಗೆ ಭಾಷಾಭಿಮಾನದ ನೆಲೆಯಲ್ಲೇ ನಡೆಯಿತು. ನಾವೆಲ್ಲ ಏಕವೀಸ್, ಬಾವೀಸ್ ಎಂದೇ ಕಲಿತೆವಲ್ಲ, ನಮಗೇನಾಯಿತು ಎಂದು ಕೇಳಿದವರು ಬಹಳ. ಹಾಗೆ ಕೇಳುವವರು ಕಲಿತು ದಾಟಿದವರು, ಮೂರನೇ ಇಯತ್ತೆಗೆ ಲೆಕ್ಕಕ್ಕೆ ಹೆದರಿ ಶಾಲೆ ಬಿಟ್ಟವರನ್ನು ಯಾವ ಪತ್ರಕರ್ತರೂ ಕೇಳಲು ಹೋಗುವುದಿಲ್ಲ. ಹೊಸ ರೀತಿ ಬೇಕೋ ಬೇಡವೋ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ, ಜನರ ಬಾಯಲ್ಲಿರುವ ಎಣಿಕೆಯನ್ನು ಪುಸ್ತಕ ಬದಲಿಸಲಾರದು ಎಂಬ ವಾದಕ್ಕೂ ತೂಕವಿದೆ. ನನ್ನ ಆಕ್ಷೇಪ ಇರುವುದು ಬೇರೆ ಕಡೆ. ಎರಡನೇ ಇಯತ್ತೆಯ ಪಾಟಿಗಳ ಮೇಲೆ ಏನು ಕಾಣುತ್ತದೆ ಎಂಬ ಸಾಕ್ಷ್ಯವನ್ನೇ ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಆ ಸಾಕ್ಷ್ಯ ನುಡಿಯಬಲ್ಲವರು ರಾಜ್ಯದ ತುಂಬ ಸಾವಿರಾರು ಮಂದಿ ಇದ್ದರು.

ಇನ್ನು ಸಂಬಳದ ವಿಚಾರ. ಜ್ಯೋತಿರಾವ್ ಫುಲೆಯವರು 1882ರಲ್ಲಿ ಬ್ರಿಟಿಷ್ ಸರ್ಕಾರದ ಹಂಟರ್ ಶಿಕ್ಷಣ ಆಯೋಗಕ್ಕೆ ಕೊಟ್ಟ ಹೇಳಿಕೆ ಈ ಕಾಲಕ್ಕೂ ಓದಬೇಕಾದದ್ದು. ಸರ್ಕಾರ ಉನ್ನತ ಶಿಕ್ಷಣಕ್ಕೆ ಹಣ ಸುರಿದು ಪ್ರಾಥಮಿಕ ಶಿಕ್ಷಣವನ್ನು ಕಡೆಗಣಿಸಿದೆ ಎಂಬುದು ಅವರ ಮುಖ್ಯ ದೂರು. ಪ್ರಾಥಮಿಕ ಶಾಲೆಯ ಶಿಕ್ಷಕರು ತರಬೇತಿ ಪಡೆದವರಾಗಿರಬೇಕು, ಸಂಬಳ 12 ರೂಪಾಯಿಗೆ ಕಡಿಮೆಯಿರಬಾರದು, ದೊಡ್ಡ ಹಳ್ಳಿಗಳಲ್ಲಿ 15ರಿಂದ 20 ಇರಬೇಕು ಎಂದು ಅವರು ಅಂಕಿ ಹಾಕಿ ಹೇಳಿದರು. ಅದೇ ಫುಲೆಯವರ ಮಹಾರಾಷ್ಟ್ರ 2000ದಲ್ಲಿ ಶಿಕ್ಷಣ ಸೇವಕ ಯೋಜನೆ ತಂದಿತು. ಹೊಸದಾಗಿ ಸೇರಿದವರು ಮೊದಲ ಮೂರು ವರ್ಷ ಪೂರ್ತಿ ಸಂಬಳವಿಲ್ಲದೆ ಗೌರವಧನಕ್ಕೆ ದುಡಿಯಬೇಕು. 2023ರಲ್ಲಿ ಆ ಮೊತ್ತವನ್ನು ಹೆಚ್ಚಿಸಿದಾಗ ಪ್ರಾಥಮಿಕಕ್ಕೆ 16,000, ಮಾಧ್ಯಮಿಕಕ್ಕೆ 18,000, ಉಚ್ಚ ಮಾಧ್ಯಮಿಕಕ್ಕೆ 20,000 ಎಂದು ಗೊತ್ತುಮಾಡಿದರು. ಮಕ್ಕಳ ವಯಸ್ಸು ಇಳಿದಂತೆ ಕಲಿಸುವವರ ಬೆಲೆಯೂ ಇಳಿಯಬೇಕು ಎಂಬ ಭಾವನೆ ಈ ಮೂರು ಅಂಕಿಗಳಲ್ಲಿ ಅಚ್ಚಾಗಿದೆ. ಅಂಗನವಾಡಿಯ ಕಾರ್ಯಕರ್ತೆಯರಿಗೆ ಸಿಗುವುದು ಇದಕ್ಕಿಂತಲೂ ಕೆಳಗಿನ ಗೌರವಧನ. ಪದವಿ ಹೆಚ್ಚಿದ್ದವರಿಗೆ ಸಂಬಳ ಹೆಚ್ಚು, ಅದರಲ್ಲೇನು ತಪ್ಪು ಎಂದು ಕೇಳಬಹುದು. ಆ ಪದವಿಯನ್ನು ಸಣ್ಣ ಇಯತ್ತೆಗೂ ಕಡ್ಡಾಯ ಮಾಡಿದ ದೇಶಗಳಿವೆ. ಫಿನ್‌ಲ್ಯಾಂಡ್ 1979ರಿಂದ ಒಂದನೇ ತರಗತಿಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕು ಎಂದಿದೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಿಕ್ಷಕರು ತಾವಿರುವ ಹಂತದಲ್ಲೇ ಇದ್ದು ಬಡ್ತಿ ಪಡೆಯುವಂತಿರಬೇಕು, ಬಡ್ತಿಗಾಗಿ ಸಣ್ಣ ತರಗತಿ ಬಿಟ್ಟು ದೊಡ್ಡ ತರಗತಿಗೆ ಹೋಗುವ ಆಮಿಷ ಇರಬಾರದು ಎಂದು ಹೇಳಿದೆ. ಕಾಗದದ ಮೇಲೆ ಒಪ್ಪಿಕೊಂಡ ಈ ಮಾತಿಗೂ ಮೂರು ವರ್ಷದ ನಂತರ ಬಂದ ಆ ಮೂರು ಅಂಕಿಗಳಿಗೂ ಹೊಂದಾಣಿಕೆಯಿಲ್ಲ.

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಅವು ಹಗುರವಾದವಲ್ಲ. ಶಿಕ್ಷಕರಿಗೆ ಇಷ್ಟೊಂದು ವಿದ್ವತ್ತು ಇದ್ದರೆ ಮಕ್ಕಳಿಗೆ ಓದಲು ಯಾಕೆ ಬರುವುದಿಲ್ಲ ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು. ಗ್ರಾಮೀಣ ಮಕ್ಕಳ ಓದು-ಲೆಕ್ಕವನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ. 27.1 ಮಾತ್ರ. ಐದನೇ ತರಗತಿಯಲ್ಲಿ ಶೇ. 48.8. ಈ ಅಂಕಿಗಳನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ, ಇವುಗಳಿಂದ ಎದೆ ಕುಸಿಯಬೇಕು. ಆದರೆ ಕಾರಣ ಹುಡುಕುವಾಗ ಇನ್ನೊಂದು ಸಂಗತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಕನ್ನಡ ಕಲಿಯುವ ಮಕ್ಕಳ ಮೇಲೆ ಸಂಶೋಧಕಿ ಸೋನಾಲಿ ನಾಗ್ ಅವರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ನಮ್ಮ ಲಿಪಿಯ ಅಕ್ಷರಗಳ ಮೇಲೆ ಹಿಡಿತ ಸಿಗುವುದು ನಿಧಾನ, ಮೂರು-ನಾಲ್ಕನೇ ತರಗತಿಯಲ್ಲೂ ಆ ಕಲಿಕೆ ನಡೆದೇ ಇರುತ್ತದೆ ಎಂದು ತೋರಿಸಿತು. ಕಾಗುಣಿತ, ಒತ್ತಕ್ಷರ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು ಇರುವಾಗ ಇದು ಸಹಜ. ಅಂಥ ಕಲಿಕೆಯನ್ನು ಒಂದನೇ ಇಯತ್ತೆಯಲ್ಲಿ ‘ಮುಗಿಸಿ’, ಎರಡನೆಯದರಲ್ಲಿ ಪಾಠದ ಮೇಲೆ ಪಾಠ ಏರಿಸುವ ವೇಳಾಪಟ್ಟಿಯನ್ನು ಮಾಡಿದವರು ಆ ತರಗತಿಯ ಶಿಕ್ಷಕರಲ್ಲ. ‘ಭಾಗ ಮುಗಿಯಿತೇ’ ಎಂದು ಕೇಳುವ ತಪಾಸಣೆ ಇದೆ, ‘ಯಾವ ಮಗು ಎಲ್ಲಿ ನಿಂತಿದೆ’ ಎಂದು ಕೇಳುವ ತಪಾಸಣೆ ವಿರಳ. ತಿಳಿದವರನ್ನು ತಿಳಿದಂತೆ ನಡೆಯಲು ಬಿಡದೆ, ಫಲ ಬರಲಿಲ್ಲವೆಂದು ಅವರಿಗೆ ತಿಳಿವಳಿಕೆಯೇ ಇಲ್ಲ ಎನ್ನುವುದು ನ್ಯಾಯವಲ್ಲ.

ಶಿಕ್ಷಕರು ಶಾಲೆಗೇ ಬರುವುದಿಲ್ಲ, ಮೊದಲು ಅದನ್ನು ನೋಡಿ ಎನ್ನುವವರಿದ್ದಾರೆ. 2005ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞ ಕ್ರೆಮರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳ ಶೇ. 25ರಷ್ಟು ಶಿಕ್ಷಕರು ಭೇಟಿಯ ದಿನ ಶಾಲೆಯಲ್ಲಿರಲಿಲ್ಲ. ಎಲ್ಲಕ್ಕಿಂತ ಕಡಿಮೆ ಗೈರುಹಾಜರಿ ಮಹಾರಾಷ್ಟ್ರದ್ದು, ಶೇ. 14.6. ಈ ಅಂಕಿಗಳು ಬಹಳ ಕಡೆ ಉಲ್ಲೇಖವಾದವು, ಗೈರುಹಾಜರಿ ಮತ್ತು ಕಳ್ಳತನ ಒಂದೇ ಎಂಬಂತೆ. 2017ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಆರು ರಾಜ್ಯಗಳಲ್ಲಿ ಕಾರಣಗಳನ್ನು ಬಿಡಿಸಿ ನೋಡಿತು. ಸಕಾರಣವಿಲ್ಲದೆ ತಪ್ಪಿಸಿಕೊಂಡವರು ಶೇ. 2.5ರಷ್ಟು ಮಾತ್ರ. ಗೈರುಹಾಜರಾದ ಉಳಿದವರು ರಜೆಯ ಮೇಲಿದ್ದರು, ಇಲ್ಲವೇ ತರಬೇತಿಗೆ, ಸಭೆಗೆ, ಇಲಾಖೆಯ ಬೇರೆ ಕೆಲಸಕ್ಕೆ ಹೋಗಿದ್ದರು. ತಪ್ಪಿಸಿಕೊಂಡವರಿಗೆ ಶಿಕ್ಷೆಯಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷಕರನ್ನು ತರಗತಿಯಿಂದ ಹೊರಗೆ ಕರೆದೊಯ್ಯುವ ಕೈ ಹಲವು ಸಲ ಸರ್ಕಾರದ್ದೇ ಎಂಬುದೂ ಇದೇ ಲೆಕ್ಕದಿಂದ ಗೊತ್ತಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಚುನಾವಣೆಯ ಕೆಲಸವನ್ನೂ ರಜಾದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಇಟ್ಟುಕೊಳ್ಳಿ ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿತ್ತು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ದಿನಕ್ಕೊಂದು ವಾಟ್ಸಪ್ ಆದೇಶ ಇವು ಯಾವ ಕಲಮಿನಲ್ಲೂ ಇಲ್ಲ, ಪ್ರತಿ ಶಾಲೆಯಲ್ಲೂ ಇವೆ.

ಇಲ್ಲೊಂದು ತೊಡಕು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಮೇಲೆ ಉದ್ಧರಿಸಿದ ಫುಲೆಯವರೇ ಅದೇ ಹೇಳಿಕೆಯಲ್ಲಿ, ಶಾಲಾ ಮಾಸ್ತರರಿಗೆ ಹಳ್ಳಿಯ ಲೆಕ್ಕ ತಪಾಸಣೆ, ಅಂಚೆ, ಸ್ಟ್ಯಾಂಪು ಮಾರಾಟದಂಥ ಕೆಲಸಗಳನ್ನು ಜೋಡಿಸಿದರೆ ಅವರ ಸ್ಥಾನಮಾನ ಏರುತ್ತದೆ ಎಂದಿದ್ದರು. ಹಾಗಾದರೆ ಈಗಿನ ಹೆಚ್ಚುವರಿ ಕೆಲಸಗಳಿಗೆ ಫುಲೆಯವರ ಸಮ್ಮತಿ ಇದೆಯೇ? ಅವರ ಕಾಲದ ಹಳ್ಳಿಯಲ್ಲಿ ಆ ಕೆಲಸಗಳು ಅಧಿಕಾರ ಮತ್ತು ವರಮಾನ ಎರಡನ್ನೂ ತರುತ್ತಿದ್ದವು, ಊರಿನ ಗೌಡ-ಕುಲಕರ್ಣಿಗಳ ಎದುರು ಮಾಸ್ತರರ ಕೈ ಬಲಪಡಿಸುತ್ತಿದ್ದವು. ಈಗಿನ ಕೆಲಸಗಳು ಕೊಡುವುದು ನೋಟಿಸನ್ನು. ಫುಲೆಯವರ ಗುರಿ ಮಾಸ್ತರರ ಮಾತಿಗೆ ಊರಿನಲ್ಲಿ ತೂಕ ಬರಲಿ ಎಂಬುದಾಗಿತ್ತು, ಆ ಗುರಿಗೆ ಇಂದು ಬೇರೆ ದಾರಿ ಬೇಕು.

ಕೊನೆಯ ಆಕ್ಷೇಪ ಹೊಸಕಾಲದ್ದು. ಪಾಠಯೋಜನೆಯನ್ನು ನಿಮಿಷ ನಿಮಿಷಕ್ಕೆ ಬರೆದು ಕೊಟ್ಟು, ಟ್ಯಾಬ್ಲೆಟ್ಟನ್ನೂ ಕೈಗಿತ್ತರೆ, ಶಿಕ್ಷಕರ ತಿಳಿವಳಿಕೆ ಎಷ್ಟಿದ್ದರೂ ಕೆಲಸ ನಡೆಯುತ್ತದೆ ಎನ್ನುತ್ತಾರೆ. ಒಳ್ಳೆಯ ಸಾಮಗ್ರಿ ಬೇಕು, ಹೊಸಬರಿಗಂತೂ ಬೇಕೇ ಬೇಕು. ಆದರೆ ಸಾಮಗ್ರಿಯೊಂದೇ ಸಾಲದು ಎಂಬುದಕ್ಕೆ ಕರ್ನಾಟಕದ ಶಾಲೆಗಳ ನಲಿ-ಕಲಿ ಪದ್ಧತಿಯ ಇತಿಹಾಸ ಒಳ್ಳೆಯ ಪಾಠ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಒಪ್ಪುವ ಕಲಿಕೆಯ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಪ್ರತಿ ಮಗುವೂ ತನ್ನ ವೇಗದಲ್ಲಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವ ಏರ್ಪಾಟು ಅದು. 2009ರ ಹೊತ್ತಿಗೆ ಅದನ್ನು ರಾಜ್ಯದ ತುಂಬ ಹರಡಿದರು. ಕಾರ್ಡುಗಳು ಎಲ್ಲ ಶಾಲೆಗೂ ಮುಟ್ಟಿದವು. ಆ ಕಾರ್ಡು ಯಾಕೆ ಹಾಗಿದೆ, ಈ ಮಗುವಿಗೆ ಅದು ಯಾಕೆ ಒಗ್ಗುತ್ತಿಲ್ಲ ಎಂದು ಯೋಚಿಸಿ ಬದಲಿಸುವ ಅಧಿಕಾರ ಅಷ್ಟೇ ಚೆನ್ನಾಗಿ ಮುಟ್ಟಿತು ಎಂದು ಹೇಳಲು ನನಗೆ ಬಾಯಿ ಬಾರದು. ಸಾಮಗ್ರಿಯನ್ನು ಲಾರಿಯಲ್ಲಿ ಕಳಿಸಬಹುದು. ಅದನ್ನು ಕಟ್ಟಿದ ಯೋಚನೆ ಪ್ರತಿ ಶಾಲೆಯಲ್ಲೂ ಮತ್ತೆ ಹುಟ್ಟಬೇಕಾದರೆ ಶಿಕ್ಷಕರಿಗೆ ಒಟ್ಟಿಗೆ ಕೂರುವ ಸಮಯ ಬೇಕು. ಶಿಕ್ಷಣ ಹಕ್ಕು ಕಾಯ್ದೆಯೇ ಶಿಕ್ಷಕರ ವಾರದ 45 ಗಂಟೆಗಳಲ್ಲಿ ಪಾಠದ ತಯಾರಿಯನ್ನೂ ಸೇರಿಸಿದೆ. ಆ ತಯಾರಿಯ ಗಂಟೆಗಳನ್ನು ಮೊದಲು ನುಂಗುವುದು ನಮೂನೆ ತುಂಬುವ ಕೆಲಸ.

ಪುಣೆಯ ಕನ್ನಡಿಗರು ದೊಡ್ಡ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿದವರು. ಕನ್ನಡ ಸಂಘ ಕಟ್ಟಿ ಬೆಳೆಸಿದ ಕಾವೇರಿ ಶಾಲೆಗಳು ಊರಿಗೆಲ್ಲ ಗೊತ್ತಿವೆ. ಈ ಸಭೆಯಲ್ಲಿ ಶಾಲೆಗಳ ಆಡಳಿತ ಮಂಡಳಿಯವರಿದ್ದೀರಿ, ಪಾಲಕರಿದ್ದೀರಿ, ನಿವೃತ್ತ ಶಿಕ್ಷಕರಿದ್ದೀರಿ. ಸರ್ಕಾರದ ಸಂಬಳದ ಪಟ್ಟಿ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನಾದರೂ ಬರುವ ಜೂನ್‌ನಿಂದ ಶುರು ಮಾಡಿ ಎಂದು ಕೇಳುತ್ತೇನೆ. ನಿಮ್ಮ ಶಾಲೆಯ ಎಲ್ಲರಿಗಿಂತ ಅನುಭವಿ, ಎಲ್ಲರಿಗಿಂತ ಓದಿಕೊಂಡ ಶಿಕ್ಷಕಿಗೆ ಒಂದನೇ ಇಯತ್ತೆ ಕೊಡಿ, ಹತ್ತನೆಯ ಇಯತ್ತೆಯವರಿಗೆ ಕೊಡುವಷ್ಟೇ ಸಂಬಳ ಕೊಡಿ, ಮಧ್ಯೆ ಬದಲಿಸಬೇಡಿ. ವಾರಕ್ಕೊಂದು ಮಧ್ಯಾಹ್ನ ಸಣ್ಣ ಇಯತ್ತೆಯ ಶಿಕ್ಷಕರೆಲ್ಲ ಮಕ್ಕಳ ವಹಿಗಳನ್ನು ಮುಂದಿಟ್ಟುಕೊಂಡು ಕೂರಲಿ, ಆ ಹೊತ್ತಿನಲ್ಲಿ ಬೇರೆ ಯಾವ ಕೆಲಸಕ್ಕೂ ಅವರನ್ನು ಕರೆಯಬೇಡಿ. ಆ ವಹಿಗಳಲ್ಲಿ ಕಂಡ ತಪ್ಪುಗಳನ್ನು ಅವರು ಬರೆದಿಡಲಿ. ವರ್ಷದ ಕೊನೆಗೆ ಆ ಬರಹವನ್ನು ಅಚ್ಚು ಹಾಕಿಸಿ ಸೇನಾಪತಿ ಬಾಪಟ್ ರಸ್ತೆಯ ಬಾಲಭಾರತಿಗೆ ಕೊಟ್ಟು ಬನ್ನಿ.